ಜೋಥಮ್ ಟಕ್ಸ್‌ಬರಿ ಹಿಂದಕ್ಕೆ ಕೇಳಿದ ಮಾತು

ಆಶ್‌ಬ್ರೂಕ್ ಊರಿನಲ್ಲಿ ಜೋಥಮ್ ಟಕ್ಸ್‌ಬರಿಯಷ್ಟು ಮರ ಬಲ್ಲವರು ಯಾರೂ ಇರಲಿಲ್ಲ. ಬಿಳಿ ಪೈನ್ ಮರದ ಬುಡಕ್ಕೆ ಕೊಡಲಿಯ ಹಿಂಬದಿಯಿಂದ ಎರಡು ಸಲ ತಟ್ಟುತ್ತಿದ್ದ, ತೊಗಟೆಗೆ ಕಿವಿ ಆನಿಸುತ್ತಿದ್ದ, ಒಳಗೆ ಎಷ್ಟು ಎತ್ತರದವರೆಗೆ ಟೊಳ್ಳಿದೆ ಎಂದು ಹೇಳಿಬಿಡುತ್ತಿದ್ದ. ಅವನ ಅಂದಾಜು ತಪ್ಪಿದ್ದು ಒಂದೇ ಒಂದು ಸಲ. ಗಟ್ಟಿ ಮರ ಎಂದು ಅವನು ಹೇಳಿದ ಆ ಮರದ ಪೊಟರೆಯಲ್ಲಿ ಕರಡಿಯೊಂದು ಮೈ ತುಂಬಿಕೊಂಡು ಮಲಗಿತ್ತು. ಆ ಕಥೆಯನ್ನು ಊರಿನವರು ಇಪ್ಪತ್ತು ವರ್ಷ ಹೇಳಿಕೊಂಡು ನಕ್ಕರು. ಜೋಥಮ್ ಮಾತ್ರ ನಗದೆ, "ಕರಡಿಯೂ ಗಟ್ಟಿಯಾಗೇ ಇತ್ತಲ್ಲ" ಎನ್ನುತ್ತಿದ್ದ.

ನ್ಯೂ ಹ್ಯಾಂಪ್‌ಷೈರ್‌ನ ಬೆಟ್ಟಗಳಲ್ಲಿ ಮರ ಬಲ್ಲವನಾಗಿರುವುದು ಆಗ ಒಳ್ಳೆಯ ಹಣೆಬರಹವಾಗಿರಲಿಲ್ಲ. ನೆಟ್ಟಗೆ ಬೆಳೆದ ದಪ್ಪ ಪೈನ್ ಮರಗಳೆಲ್ಲ ಇಂಗ್ಲೆಂಡಿನ ರಾಜನವು. ಅವನ ಯುದ್ಧನೌಕೆಗಳಿಗೆ ಹಾಯಿ ಕಟ್ಟುವ ಪಟಸ್ತಂಭ ಬೇಕಿತ್ತು. ರೈತನೊಬ್ಬ ತನ್ನ ಹೊಲಕ್ಕೆಂದು ಕಾಡು ಕಡಿಯುವ ಮೊದಲು ಕಾಡಿನ ಮೇಲೆ ರಾಜ ನೇಮಿಸಿದ ಅಧಿಕಾರಿಯ ಕಡೆಯವರು ಬಂದು ರಾಜನ ಮರಗಳಿಗೆ ಕೊಡಲಿಯಿಂದ ಮೂರು ಏಟು ಹಾಕಿ ಬಾಣದ ಮೊನೆಯ ಗುರುತು ಮಾಡಬೇಕು. ಆ ಗುರುತು ಬಿದ್ದ ಮರವನ್ನು ಕಡಿದರೆ ದಂಡ. ಪೋರ್ಟ್ಸ್‌ಮತ್ ಪಟ್ಟಣದಿಂದ ಬರುತ್ತಿದ್ದ ಜನಕ್ಕೆ ಗಟ್ಟಿ ಮರ ಯಾವುದು, ಟೊಳ್ಳು ಯಾವುದು ತಿಳಿಯುತ್ತಿರಲಿಲ್ಲ. ಊಟದ ಹೊತ್ತಿಗೆ ಮುಗಿಸಿಬಿಡಬೇಕೆಂದು ಕಂಡ ಕಂಡದ್ದಕ್ಕೆಲ್ಲ ಗುರುತು ಹಾಕಿ ಹೋಗುತ್ತಿದ್ದರು. ಸೊಟ್ಟ ಮರ, ಸಿಡಿಲು ಬಡಿದ ಮರ, ಹುಳು ತಿಂದ ಮರ, ಎಲ್ಲವೂ ರಾಜನ ಲೆಕ್ಕಕ್ಕೆ ಸೇರಿ, ಕೊಳೆತು ಅಲ್ಲೇ ಬೀಳುತ್ತಿದ್ದವು.

೧೭೬೬ರ ವಸಂತದಲ್ಲಿ ಮರ ಕೊಯ್ಯುವ ಗಿರಣಿಯ ಎನೋಸ್ ಕಾರ್ಲಿಸ್ ಜೋಥಮನ ಮನೆಗೆ ಬಂದ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಒಟ್ಟಿಗೆ ಈ ಬೆಟ್ಟಕ್ಕೆ ಬಂದು ನೆಲೆಸಿದವರು.

"ಗುರುತು ಹಾಕೋಕೆ ಪೋರ್ಟ್ಸ್‌ಮತ್‌ನಲ್ಲಿ ಜನ ಹುಡುಕ್ತಿದ್ದಾರಂತೆ. ನೀನು ಹೋಗಿ ಆ ಕೆಲಸ ಹಿಡಿ ಮಾರಾಯ," ಎಂದ ಕಾರ್ಲಿಸ್. "ಯಾವನೋ ಕುರುಡ ಬಂದು ಕಾಡೆಲ್ಲಾ ಕೆತ್ತೋದಕ್ಕಿಂತ ನಮ್ಮವನೇ ಒಬ್ಬ ಇರ್ಲಿ."

"ಪ್ರಮಾಣ ಮಾಡ್ಬೇಕಾಗುತ್ತೆ, ಎನೋಸ್."

"ಮಾಡು. ಎರಡು ಮಾತು ತಾನೆ? ಬಾಯಿ ನೋಯಲ್ಲ."

"ಮಾಡಿದ್ಮೇಲೆ ಮಾಡಿದ ಹಾಗೆ ನಡೀಬೇಕಾಗುತ್ತೆ."

ಕಾರ್ಲಿಸ್ ಅದನ್ನು ಒಳ್ಳೆಯ ಗುಣವೆಂದೇ ಎಣಿಸಿ ಬೆನ್ನು ತಟ್ಟಿ ಹೋದ. ಜೋಥಮನ ಹೆಂಡತಿ ಅಜೂಬಾ ಒಲೆಯ ಬಳಿ ಕೂತು ಕೇಳಿಸಿಕೊಳ್ಳುತ್ತಿದ್ದವಳು, "ಅವನಿಗೆ ನೀವು ಹೇಳಿದ್ದು ಕೇಳಿಸ್ಲಿಲ್ಲ" ಎಂದಳು. ಜೋಥಮ್ ಎರಡು ದಿನ ನಡೆದು ಪೋರ್ಟ್ಸ್‌ಮತ್‌ಗೆ ಹೋಗಿ, ಬೈಬಲ್ ಮೇಲೆ ಕೈಯಿಟ್ಟು, ರಾಜನ ಮರಗಳನ್ನು ರಾಜನಿಗಾಗಿ ಕಾಯುತ್ತೇನೆಂದು ಪ್ರಮಾಣ ಮಾಡಿ ಬಂದ.

ಮೊದಲ ಕೆಲವು ವರ್ಷ ಊರಿಗೆ ಸಮಾಧಾನವಾಯಿತು. ಜೋಥಮ್ ಗಟ್ಟಿ ಮರಕ್ಕೆ ಮಾತ್ರ ಗುರುತು ಹಾಕುತ್ತಿದ್ದ. ತನ್ನ ಸ್ವಂತ ಜಮೀನಿನಲ್ಲಿ ಆರು ಮರಗಳಿಗೆ ಹಾಕಿದ. ಅದರಲ್ಲಿ ಒಂದು ಅಜೂಬಾಳ ತರಕಾರಿ ತೋಟದ ಮೇಲೆ ನೆರಳು ಚೆಲ್ಲುತ್ತಿತ್ತು. ಅವಳು ಅದರ ಬಗ್ಗೆ ವರ್ಷಕ್ಕೊಂದು ಸಲ, ಬಟಾಣಿ ಬಿತ್ತುವಾಗ, ಮಾತೆತ್ತುತ್ತಿದ್ದಳು.

ಆದರೆ ಜನರ ದೂರು ಒಂದೇ ಕಡೆ ನಿಲ್ಲುವುದಿಲ್ಲ. ಮುದ್ರೆಯ ಕಾಗದದ ಸುಂಕ ಆಗಲೇ ಬಂದು ಹೋಗಿತ್ತು. ಗಾಜು, ಬಣ್ಣಗಳಿಗೆ ಬಂತು. ಬಾಸ್ಟನ್‌ನಲ್ಲಿ ಕೆಂಪು ಕೋಟಿನ ಸೈನಿಕರು ಬಂದಿಳಿದರು. ಇವೆಲ್ಲ ಆಶ್‌ಬ್ರೂಕ್‌ಗೆ ಪತ್ರಿಕೆಯ ಸುದ್ದಿಗಳು. ಪತ್ರಿಕೆ ಓದಿ ಕೋಪಗೊಂಡ ಮನುಷ್ಯ ಬಾಗಿಲು ತೆರೆದು ಹೊರಗೆ ನೋಡಿದರೆ ಎದುರಿಗೆ ಕಾಣುತ್ತಿದ್ದದ್ದು ಮೂರು ಏಟಿನ ಗುರುತು. ಮರ ಸರಿಯಾಗಿ ಆರಿಸಿದ್ದಾರೆಯೇ ಎಂದು ಮೊದಲು ಕೇಳುತ್ತಿದ್ದವರು ನನ್ನ ಜಮೀನಿನ ಮರ ಅವನದು ಹೇಗಾಯಿತು ಎಂದು ಕೇಳತೊಡಗಿದರು. ಅದಕ್ಕೆ ಹೇಳಲು ಜೋಥಮನ ಬಳಿ ಇದ್ದದ್ದು ಕೊಟ್ಟ ಮಾತು ಒಂದೇ.

೧೭೭೨ರ ಚಳಿಗಾಲದಲ್ಲಿ ಕಾರ್ಲಿಸನ ಗಿರಣಿಯ ಅಂಗಳದಲ್ಲಿ ಗುರುತು ಬಿದ್ದ ಹದಿನೇಳು ದಿಮ್ಮಿಗಳು ಸಿಕ್ಕವು. ಜೋಥಮ್ ಅವನ್ನು ನೋಡಿದ, ಅಲ್ಲೇ ನಿಂತು ಕಾರ್ಲಿಸನಿಗೆ ಹೇಳಿದ.

"ಇವನ್ನ ನಾನು ಬರೆದು ಕಳಿಸ್ಬೇಕು, ಎನೋಸ್."

"ಹಿಮ ಬಿದ್ದಿದೆ. ನಿನಗೆ ಕಾಣ್ಲಿಲ್ಲ ಅಂದ್ಕೋ."

"ಕಂಡಿತಲ್ಲ."

"ನಾನೇ ಕಣೋ ನಿನ್ನನ್ನ ಈ ಕೆಲಸಕ್ಕೆ ಕಳಿಸಿದ್ದು!"

"ಹೌದು," ಎಂದ ಜೋಥಮ್. "ಅವತ್ತೇ ಹೇಳಿದ್ದೆ."

ಬರೆದು ಕಳಿಸಿದ. ಕಾರ್ಲಿಸನಿಗೆ ದಂಡ ಬಿತ್ತು. ದಂಡ ವಸೂಲಿಗೆ ಬಂದ ಇಬ್ಬರನ್ನು ಊರಿನ ಗಂಡಸರು ಮುಖಕ್ಕೆ ಮಸಿ ಬಳಿದುಕೊಂಡು ಹೋಗಿ, ಛಡಿಯಿಂದ ಬಾರಿಸಿ, ಹಿಂದುಮುಂದಾಗಿ ಕುದುರೆ ಹತ್ತಿಸಿ ಓಡಿಸಿದರು. ಜೋಥಮನ ಮೈ ಯಾರೂ ಮುಟ್ಟಲಿಲ್ಲ. ಅವನ ಬೇಲಿ ಮುರಿಯಲಿಲ್ಲ, ದನ ಹಿಡಿದು ಕಟ್ಟಿಹಾಕಲಿಲ್ಲ. ಆದರೆ ಸುಗ್ಗಿಗೆ ಒಬ್ಬರಿಗೊಬ್ಬರು ಆಳು ಕೊಡುವಾಗ ಅವನ ಹೊಲವನ್ನು ಬಿಟ್ಟು ಮುಂದಕ್ಕೆ ಹೋದರು. ಆ ವರ್ಷದಿಂದ ಗಂಡ ಹೆಂಡತಿ ಇಬ್ಬರೇ ಕೊಯ್ದರು.

ಬಾಸ್ಟನ್ನಿನ ಜನ ಸುಂಕದ ಚಹಾವನ್ನು ಸಮುದ್ರಕ್ಕೆ ಸುರಿದ ಗಲಾಟೆಯ ನಂತರ, ೧೭೭೪ರಲ್ಲಿ, ಕಾರ್ಲಿಸ್ ತನ್ನ ಮುಂದಿನ ಕೋಣೆಗೆ ಮೂವತ್ತು ಅಂಗುಲ ಅಗಲದ ಪೈನ್ ಹಲಗೆಗಳನ್ನು ಹಾಸಿದ. ಅಷ್ಟು ಅಗಲದ ಹಲಗೆ ರಾಜನ ಮರವಿಲ್ಲದೆ ಬರುವುದಿಲ್ಲ ಎಂಬುದು ಮಗುವಿಗೂ ಗೊತ್ತು. ನೋಡಲು ಊರಿಗೆಲ್ಲ ಕರೆ ಹೋಯಿತು, ಜೋಥಮನಿಗೂ ಹೋಯಿತು. ಅವನು ಹೋದ. ಸುಂಕದ ಚಹಾ ಬಿಟ್ಟಿದ್ದ ಹೆಂಗಸರು ರಾಸ್ಪ್‌ಬೆರಿ ಎಲೆ ಕುದಿಸಿದ ಕಹಿ ನೀರನ್ನು ಚಹಾ ಎಂದುಕೊಂಡು ಕುಡಿಯುತ್ತಿದ್ದರು. ಜೋಥಮ್ ಬಗ್ಗಿ ಹಲಗೆಯ ಮೇಲೆ ಕೈಯಾಡಿಸಿ, "ಒಂದೂ ಗಂಟಿಲ್ಲ. ಒಳ್ಳೇ ಮರ" ಎಂದು ಹೇಳಿ, ಮನೆಗೆ ಬಂದು, ಅದನ್ನೂ ಬರೆದು ಕಳಿಸಿದ. ಆದರೆ ಆ ಹೊತ್ತಿಗೆ ಅಂಥ ಕಾಗದ ಓದುವ ಧೈರ್ಯ ಪೋರ್ಟ್ಸ್‌ಮತ್‌ನಲ್ಲಿ ಯಾರಿಗೂ ಉಳಿದಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕೆಂಪು ಕೋಟಿನವರಿಗೂ ರೈತರಿಗೂ ನಡುವೆ ಗುಂಡು ಹಾರಿತು. ಆಶ್‌ಬ್ರೂಕ್‌ನಿಂದ ಹನ್ನೊಂದು ಜನ ಬಂದೂಕು ಹೆಗಲಿಗೇರಿಸಿ ಹೋದರು, ಒಂಬತ್ತು ಜನ ಬಂದರು. ಆಗಸ್ಟ್‌ನಲ್ಲಿ ಜೋಥಮನ ಪ್ರಮಾಣ ತೆಗೆದುಕೊಂಡಿದ್ದ ಅಧಿಕಾರಿ ಹಡಗು ಹತ್ತಿ ಹೊರಟುಹೋದ. ತನಗೆ ಮಾತು ಕೊಟ್ಟವರಿಗೆ ಒಂದು ಸಾಲೂ ಬರೆದಿಡಲಿಲ್ಲ. ಜೋಥಮ್ ಅವನಿಗೊಂದು ಕಾಗದ ಬರೆದ: ಮರ ಕಾಯುವುದು ಇನ್ನು ನನ್ನಿಂದಾಗದು, ದಯಮಾಡಿ ನನ್ನ ಮಾತನ್ನು ನನಗೆ ಹಿಂದಿರುಗಿಸಿ. ಕಾಗದ ಒಡೆಯದೆ ಹಾಗೇ ವಾಪಸು ಬಂತು.

ಹೀಗಿರುವಾಗ ೧೭೭೬ರ ಏಪ್ರಿಲ್ ಕೊನೆಗೆ ಎಕ್ಸಿಟರ್‌ನ ಈಗ ಪ್ರಾಂತ್ಯ ನಡೆಸುತ್ತಿದ್ದ ಸಮಿತಿಯಿಂದ ಇನ್ನೊಂದು ಕಾಗದ ಬಂತು. ಇಪ್ಪತ್ತೊಂದು ತುಂಬಿದ ಪ್ರತಿ ಗಂಡಸೂ ಸಹಿ ಹಾಕಬೇಕು: ಪ್ರಾಣ, ಆಸ್ತಿಗಳನ್ನು ಪಣವಿಟ್ಟು, ಶಸ್ತ್ರ ಹಿಡಿದು, ಬ್ರಿಟಿಷ್ ಸೈನ್ಯ ಮತ್ತು ನೌಕೆಗಳನ್ನು ಕೈಲಾದ ಮಟ್ಟಿಗೆ ಎದುರಿಸುತ್ತೇವೆ. ಸಹಿ ಹಾಕದವರ ಹೆಸರು ಎಕ್ಸಿಟರ್‌ಗೆ ಹೋಗುತ್ತದೆ. ಅವರ ಬಂದೂಕು ಊರಿನ ವಶಕ್ಕೆ.

ಕಾಗದ ಹಿಡಿದು ಮನೆಮನೆಗೆ ಬಂದವನು ಡೀಕನ್ ಮೌಲ್ಟನ್. ಚರ್ಚಿನ ಹಿರಿಯ, ಊರಸಭೆಗಳನ್ನು ನಡೆಸಿಕೊಡುವವನು, ಒಳ್ಳೆಯ ಮನುಷ್ಯ. ಅವಸರದ ಮನುಷ್ಯ ಕೂಡ. ಅಜೂಬಾ ಅವನಿಗೆ ಮೆಕ್ಕೆಜೋಳದ ರೊಟ್ಟಿಯನ್ನೂ ಬೀನ್ಸ್ ಕಾಳನ್ನೂ ಬಡಿಸಿದಳು.

"ಇಲ್ಲಿ ಒಂದು ಹೆಸರು ಗೀಚಿಬಿಡು, ಜೋಥಮ್. ಅರವತ್ತು ಜನ ಹಾಕಿ ಆಯ್ತು."

"ಡೀಕನ್ನರೇ, ನನ್ನ ಮಾತು ಒಂದೇ ಇರೋದು. ಅದು ಆಗಲೇ ಒಬ್ಬರ ಹತ್ರ ಇದೆ."

"ಯಾರ ಹತ್ರ? ತಗೊಂಡವನು ಓಡಿಹೋದನಲ್ಲಯ್ಯಾ!"

"ಅವನು ಓಡಿದ. ನಾನು ಮಾತು ಕೊಟ್ಟಿದ್ದು ಅವನಿಗಲ್ಲ, ರಾಜನಿಗೆ. ಅದನ್ನ ನನಗೆ ವಾಪಸ್ ಕೊಡಿಸಿ, ಈಗಲೇ ಇದಕ್ಕೆ ಹಾಕ್ತೀನಿ."

"ರಾಜನೇ ಮೊದಲು ತಪ್ಪಿದ. ಒಬ್ಬ ತಪ್ಪಿದ್ರೆ ಇನ್ನೊಬ್ಬನಿಗೆ ಕಟ್ಟುಪಾಡಿಲ್ಲ ಅಂತ ಪಾದ್ರಿಗಳೇ ಹೇಳಿದ್ದಾರೆ."

"ಹಾಗಂತ ಸಾಲಗಾರನೂ ಹೇಳ್ತಾನೆ," ಎಂದ ಜೋಥಮ್. "ನನ್ನ ಪಾಡಿಗೆ ನಾನೇ ಬಿಡಿಸ್ಕೊಂಡ್ರೆ ನಾಳೆ ನಿಮ್ಮ ಕಾಗದದಿಂದ್ಲೂ ಹಾಗೇ ಬಿಡಿಸ್ಕೋತೀನಿ. ಅಂಥ ಸಹಿ ನಿಮಗ್ಯಾಕೆ?"

ಡೀಕನ್ ಕಾಳು ಮುಗಿಸಿ, ಅಜೂಬಾಳ ಕಡೆ ತಿರುಗಿ, "ನೀನಾದ್ರೂ ಹೇಳಮ್ಮ" ಎಂದ.

"ನನ್ನ ತೋಟದ ಮರವನ್ನೇ ಇವರ ಕೈಲಿ ಕಡಿಸೋಕಾಗ್ಲಿಲ್ಲ," ಎಂದಳು ಅಜೂಬಾ. "ನೀವು ರಾಜನನ್ನ ಕಡಿಸೋಕೆ ಬಂದಿದ್ದೀರಿ."

ಬಾಗಿಲ ಬಳಿ ಡೀಕನ್ ಬೇಸರದಿಂದ, ಹೋಗಲಿ ಎಂಬಂತೆ ಕೇಳಿದ: "ಯಾರು ವಾಪಸ್ ಕೊಟ್ರೆ ನಿನಗೆ ಸಮಾಧಾನ? ನಾನು ಕೊಟ್ರೆ ಸಾಕಾ?"

ಜೋಥಮ್ ಯೋಚಿಸಿದ. "ನೀವೊಬ್ಬರೇ ಸಾಲದು. ಊರಿಗಾಗೇ ಆ ಮಾತು ಕೊಟ್ಟಿದ್ದು, ಊರು ಕೊಟ್ರೆ ತಗೋತೀನಿ."

ಊರು ಕೊಡುವುದೆಂದರೆ ಊರಸಭೆ. ಊರಸಭೆಗೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಹದಿನಾಲ್ಕು ದಿನ ಮೊದಲು ಪ್ರಾರ್ಥನಾಮಂದಿರದ ಬಾಗಿಲಿಗೆ ವಿಷಯಪಟ್ಟಿ ಅಂಟಿಸಬೇಕು. ಪಟ್ಟಿಯಲ್ಲಿಲ್ಲದ ಮಾತನ್ನು ಸಭೆಯಲ್ಲಿ ಯಾರೂ ಎತ್ತುವಂತಿಲ್ಲ, ಪಟ್ಟಿಯಲ್ಲಿದ್ದದ್ದನ್ನು ಮತಕ್ಕೆ ಹಾಕದೆ ಬಿಡುವಂತಿಲ್ಲ. ಒಮ್ಮೆ ಸಭೆ ನಡೆಯುತ್ತಿರುವಾಗಲೇ ಛಾವಣಿ ಸೋರಿ ಎಲ್ಲರೂ ತೊಯ್ದರೂ, ಸೋರುವ ಛಾವಣಿ ಪಟ್ಟಿಯಲ್ಲಿಲ್ಲವೆಂದು ಮಳೆಯಲ್ಲೇ ಕೂತು ಸೇತುವೆಯ ವಿಷಯ ಮುಗಿಸಿ ಎದ್ದಿದ್ದರು. ಪಟ್ಟಿಗೆ ಹೊಸ ವಿಷಯ ಸೇರಬೇಕಾದರೆ ಹತ್ತು ಜನ ಜಮೀನುದಾರರ ಸಹಿಯಿರುವ ಮನವಿ ಬೇಕು.

ಮನವಿಗೆ ಮೊದಲ ಸಹಿ ಹಾಕಿದವನು ಎನೋಸ್ ಕಾರ್ಲಿಸ್. ಜನ ಬೆರಗಾದರು. ಗಿರಣಿಯಲ್ಲಿ ಯಾರೋ ಅದನ್ನೇ ಕೆದಕಿದಾಗ ಕಾರ್ಲಿಸ್ ಗರಗಸದಿಂದ ತಲೆಯೆತ್ತದೆ ಹೇಳಿದ: "ಅವನ ಮುಖ ಕಂಡ್ರೆ ನನಗೀಗ್ಲೂ ಆಗಲ್ಲ. ಆದ್ರೆ ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಅರ್ಧ ಜನ ಗಾಳಿ ಬಂದ ಕಡೆ ತೂರಿಕೊಳ್ಳೋರು. ಆ ಹಟಮಾರಿ ಸಹಿ ಹಾಕಿದ್ರೆ ಅದು ಹಾಕಿದ್ದೇ. ನನಗೆ ಆ ಹೆಸರು ಬೇಕು."

ಬಾಗಿಲಿಗೆ ಪಟ್ಟಿ ಬಿತ್ತು. ಐದನೆಯ ವಿಷಯ: ಜೋಥಮ್ ಟಕ್ಸ್‌ಬರಿಯು ರಾಜನಿಗೆ ಮಾಡಿದ ಪ್ರಮಾಣದಿಂದ ಆತನನ್ನು ಬಿಡುಗಡೆ ಮಾಡಲು ಊರು ಒಪ್ಪುವುದೋ ಎಂದು ನೋಡುವುದು. ಆರನೆಯದು: ಹಂದಿಗಳನ್ನು ಬೇಸಿಗೆಯಲ್ಲಿ ಬೀದಿಗೆ ಬಿಡಬಹುದೋ ಎಂದು ನೋಡುವುದು. ಹದಿನಾಲ್ಕು ದಿನ ಜನ ಅದನ್ನು ಓದುತ್ತ ಒಳಗೆ ಹೋದರು, ಹೊರಗೆ ಬಂದರು. ಮನವಿಯಲ್ಲಿ ಹತ್ತು ಸಹಿ ಇವೆಯೇ, ದಿನ ಸರಿಯಾಗಿ ಎಣಿಸಿದ್ದಾರೆಯೇ ಎಂದು ಎರಡೆರಡು ಸಲ ನೋಡಿದರು. ವಿಷಯ ಏನೆಂದು ನೋಡಲು ಯಾರಿಗೂ ತೋಚಲಿಲ್ಲ. ಅದು ಆ ಜನ ಮಾತ್ರ ಮಾಡಬಹುದಾದ ತಪ್ಪು.

ಮೇ ತಿಂಗಳ ಹದಿನಾರು, ಗುರುವಾರ ಬೆಳಿಗ್ಗೆ ಸಭೆ ಸೇರಿತು. ಮೊದಲ ನಾಲ್ಕು ವಿಷಯಗಳು ಬೇಗ ಮುಗಿದವು. ಡೀಕನ್ ಐದನೆಯದನ್ನು ಓದಿದ. ಹಿಂದಿನ ಬೆಂಚಿನಿಂದ ಹೀಮನ್ ಡೌ ಎದ್ದ. ಎಪ್ಪತ್ತು ದಾಟಿದ ರೈತ. ಕಿವಿ ಮಂದ, ದನಿ ದೊಡ್ಡದು.

"ನನಗೊಂದು ಅರ್ಥ ಆಗ್ಲಿಲ್ಲ. ರಾಜನಿಗೆ ಕೊಟ್ಟ ಮಾತನ್ನ ಬಿಡಿಸಿ ಕೊಡೋಕೆ ನಾವ್ಯಾರು?"

ಬೆಂಚುಗಳ ಮೇಲೆ ಜನ ಮಿಸುಕಾಡಿದರು. ಆಶ್‌ಬ್ರೂಕ್‌ನಲ್ಲಿ ಆವರೆಗೂ ರಾಜನ ಮೇಲೆ ಯುದ್ಧ ಎಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಬಾಸ್ಟನ್ನಿನಲ್ಲಿ ಇದ್ದದ್ದು ಮಂತ್ರಿಗಳ ಸೈನ್ಯ, ಸುಂಕ ಹಾಕಿದ್ದು ಪಾರ್ಲಿಮೆಂಟು, ರಾಜನಿಗೆ ಪಾಪ ಯಾರೋ ತಪ್ಪು ಹೇಳಿಕೊಟ್ಟಿದ್ದಾರೆ. ಮಕ್ಕಳನ್ನು ಕಳೆದುಕೊಂಡ ಎರಡು ಮನೆಗಳಲ್ಲೂ ಹಾಗೇ ಹೇಳುತ್ತಿದ್ದರು.

ಡೀಕನ್ ಪಟ್ಟಿಯನ್ನು ಮಡಚಿದ. "ಈ ವಿಷಯವನ್ನ... ಸದ್ಯಕ್ಕೆ ಬದಿಗಿಡಬಹುದೇನೋ."

"ಬದಿಗಿಡೋಕೆ ಬರಲ್ಲ," ಎಂದ ಕಾರ್ಲಿಸ್. "ಪಟ್ಟಿಯಲ್ಲಿದೆ. ಹದಿನಾಲ್ಕು ದಿನ ನೇತಾಡ್ತಿತ್ತು. ಓದೋಕೆ ಬರ್ತಿತ್ತಲ್ಲ ಎಲ್ಲರಿಗೂ?"

"ಇದು ರಾಜದ್ರೋಹ ಕಣಯ್ಯಾ!" ಎಂದು ಮುಂದಿನ ಬೆಂಚಿನಿಂದ ಒಬ್ಬ ಅಂದ.

"ಇರಬಹುದು. ಆದ್ರೆ ಕ್ರಮಬದ್ಧವಾಗಿದೆ."

ಒಂದಿಬ್ಬರು ನಕ್ಕರು. ಆಗ ಜೋಥಮ್ ಎದ್ದ. ಅವನು ಸಭೆಯಲ್ಲಿ ಮಾತನಾಡುವವನಲ್ಲ. ಟೋಪಿ ಕೈಯಲ್ಲಿ ಹಿಡಿದು, ಮರದ ಬೆಲೆ ಹೇಳುವವನ ದನಿಯಲ್ಲಿ ಹೇಳಿದ:

"ನಿಮಗೆ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನನಗೇನೂ ಬೇಜಾರಿಲ್ಲ. ಬಂದೂಕು ಮನೇಲಿ ಗೋಡೆ ಮೇಲಿದೆ, ಇವತ್ತೇ ಯಾರಾದ್ರೂ ಬಂದು ತಗೊಂಡು ಹೋಗಿ. ನಾನು ಕೊಟ್ಟ ಮಾತಿನ ಹಾಗೇ ಇದ್ದುಬಿಡ್ತೀನಿ. ಆದ್ರೆ ಅರವತ್ತು ಜನ ಆ ಕಾಗದಕ್ಕೆ ಸಹಿ ಹಾಕಿದ್ದೀರಿ. ಶಸ್ತ್ರ ಹಿಡೀತೀವಿ ಅಂತ. ಹಡಗೂ ಅವನದೇ, ಕೋಟೂ ಅವನದೇ. ನೀವು ಯಾರಿಗೆ ಗುರಿ ಇಡ್ತಿದ್ದೀರಿ ಅಂತ ನಿಮಗೆ ಗೊತ್ತಿದ್ದೇ ಹಾಕಿದ್ರಾ?"

ಹೇಳಿ ಕೂತ.

ಆಮೇಲೆ ಸುಮಾರು ಒಂದು ಗಂಟೆ ಮಾತು ನಡೆಯಿತು. ಕಿರುಚಾಟವಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು, ಕೆಲವರು ಹಳೆಯ ದಂಡಗಳನ್ನು ನೆನೆದರು, ಕೆಲವರು ತಮ್ಮ ಅಜ್ಜಂದಿರು ಪಡೆದ ಹಕ್ಕುಪತ್ರಗಳನ್ನು. ಮಗನನ್ನು ಕಳೆದುಕೊಂಡವನೊಬ್ಬ ಎದ್ದು, ಮಗನ ಹೆಸರು ಹೇಳಿ ಕೂತ. ಕೊನೆಗೆ ಡೀಕನ್ ಬೇರೆ ದಾರಿಯಿಲ್ಲದೆ ಮತಕ್ಕೆ ಹಾಕಿದ. ಒಪ್ಪುವವರು ಪೂರ್ವದ ಗೋಡೆಗೆ, ಒಪ್ಪದವರು ಪಶ್ಚಿಮದ ಗೋಡೆಗೆ.

ಕಾರ್ಲಿಸ್ ಮೊದಲು ಪೂರ್ವಕ್ಕೆ ನಡೆದ. ಅವನ ಹಿಂದೆ ಕೆಲವರು. ಪಶ್ಚಿಮದ ಗೋಡೆಗೂ ಬಹಳ ಜನ ಹೋದರು, ಕಾಗದಕ್ಕೆ ಸಹಿ ಹಾಕಿದವರೇ. ಹೀಮನ್ ಡೌ ನಡುವೆ ನಿಂತು ಎರಡೂ ಕಡೆ ನೋಡಿದ.

"ಬೇಗ ಮಾಡಪ್ಪಾ ಹೀಮನ್," ಎಂದು ಯಾರೋ ಕೂಗಿದರು.

"ತಡೀರಿ. ಎಪ್ಪತ್ಮೂರು ವರ್ಷದಲ್ಲಿ ಇಂಥಾದ್ದು ಕೇಳ್ತಿರೋದು ಮೊದಲನೇ ಸಲ," ಎಂದ ಡೌ. ಆಮೇಲೆ ಮೆಲ್ಲಗೆ ಪೂರ್ವದ ಕಡೆ ಹೋದ.

ಜೋಥಮ್ ಬೆಂಚಿನಿಂದ ಏಳಲಿಲ್ಲ. ತನ್ನ ಮಾತಿನ ವಿಷಯಕ್ಕೆ ತಾನೇ ಮತ ಹಾಕುವುದು ಅವನಿಗೆ ಸರಿ ಕಾಣಲಿಲ್ಲ. ಗುಮಾಸ್ತ ಎಣಿಸಿದ. ಪೂರ್ವಕ್ಕೆ ಮೂವತ್ತಮೂರು, ಪಶ್ಚಿಮಕ್ಕೆ ಇಪ್ಪತ್ತಾರು. ಒಪ್ಪಿಗೆಯಾಗಿದೆ ಎಂದು ಪುಸ್ತಕದಲ್ಲಿ ಬರೆದ. ಜೋಥಮ್ ಅದನ್ನು ಓದಿ ಹೇಳಲು ಕೇಳಿದ, ಓದಿದ ಮೇಲೆ ಮೇಜಿನ ಬಳಿ ಹೋಗಿ ಎಕ್ಸಿಟರ್‌ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ, ಪ್ರತಿ ಪದದ ಕೆಳಗೂ ಬೆರಳಿಟ್ಟು, ಓದಿಕೊಂಡ. ಊಟದ ಹೊತ್ತು ಮೀರುತ್ತಿತ್ತು. ಯಾರೂ ಅವಸರ ಮಾಡಲಿಲ್ಲ. ಸಹಿ ಹಾಕಿದ.

ಡೀಕನ್ ಕಾಗದವನ್ನು ಎತ್ತಿಕೊಂಡು, ಸಹಿಗಳ ಸಾಲಿನ ಮೇಲ್ತುದಿಯಲ್ಲಿದ್ದ ತನ್ನದೇ ಸಹಿಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತ. ಕಡೆಗೆ ಗುಮಾಸ್ತ ಕೆಮ್ಮಿದ. "ಆರನೆಯದು, ಡೀಕನ್ನರೇ. ಹಂದಿಗಳು." ಹಂದಿಗಳ ವಿಷಯ ಮೂರು ಗಂಟೆ ನಡೆಯಿತು.

ಅದಾಗಿ ಏಳು ವಾರಕ್ಕೆ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಘೋಷಣೆಯಾಯಿತು. ಆಶ್‌ಬ್ರೂಕ್‌ನಲ್ಲಿ ಅದನ್ನು ಓದಿದಾಗ ಜನ ಹುಬ್ಬೇರಿಸಲಿಲ್ಲ. ಪಶ್ಚಿಮದ ಗೋಡೆಗೆ ಹೋದವರಲ್ಲಿ ಐವರು ಊರು ಬಿಟ್ಟು ಕೆನಡಾದ ಕಡೆ ಹೋದರು. ಉಳಿದವರು ಉಳಿದರು. ಆ ಶರತ್ಕಾಲ ಜೋಥಮನ ಹೊಲಕ್ಕೂ ಆಳುಗಳು ಬಂದರು. ಅಜೂಬಾ ತೋಟದ ಮೇಲಿನ ಪೈನ್ ಮರವನ್ನು ಕಡಿಸಿದಳು. ಅದನ್ನು ಕೊಯ್ದ ಕಾರ್ಲಿಸ್ ಕೂಲಿ ಬಿಡಲಿಲ್ಲ.

೧೭೭೭ರ ಜುಲೈನಲ್ಲಿ ರಾಜನ ಸೈನ್ಯ ಉತ್ತರದಿಂದ ಸರೋವರಗಳ ಉದ್ದಕ್ಕೂ ಇಳಿದು ಬರುತ್ತಿತ್ತು. ಊರಿಂದ ಮೂವತ್ತು ಜನ ಬೇಕೆಂದು ಹೇಳಿಕೆ ಬಂತು. ದಳದ ನಾಯಕ ಕಾರ್ಲಿಸ್. ಅವನು ಸಂಜೆ ಜೋಥಮನ ಅಂಗಳಕ್ಕೆ ಬಂದು ಬೇಲಿಯ ಆಚೆಯೇ ನಿಂತ. ಜೋಥಮ್ ಹುಲ್ಲು ಕತ್ತಿಗೆ ಸಾಣೆ ಹಿಡಿಯುತ್ತಿದ್ದ.

"ಜನ ಸಾಲ್ತಾ ಇಲ್ಲ. ಇಪ್ಪತ್ತೆರಡಾಗಿದೆ," ಎಂದ ಕಾರ್ಲಿಸ್. "ನಿನ್ನನ್ನ ಕರೆಯೋಕೆ ಬಂದಿಲ್ಲ. ಐವತ್ತು ದಾಟಿದವರನ್ನ ಕೇಳ್ಬೇಡಿ ಅಂತ ಹೇಳಿದ್ದಾರೆ. ಸುದ್ದಿ ಹೇಳೋಣ ಅಂತ ಬಂದೆ."

"ನಿನಗೆಷ್ಟು?"

"ನಾನು ನಾಯಕ. ನನಗೆ ವಯಸ್ಸಿಲ್ಲ."

"ಆ ಕಾಗದದಲ್ಲಿ ವಯಸ್ಸು ಬರೆದಿತ್ತಾ?"

ಕಾರ್ಲಿಸ್ ಬೇಲಿಯ ಗೂಟ ಹಿಡಿದು ನೆಲ ನೋಡಿದ. "ಇಪ್ಪತ್ತೊಂದು ತುಂಬಿರಬೇಕು ಅಂತಿತ್ತು."

"ಮೇಲಕ್ಕೆ?"

"ಮೇಲಕ್ಕೆ ಏನೂ ಇರ್ಲಿಲ್ಲ."

"ನಾನೂ ಹಾಗೇ ಓದಿದ್ದು," ಎಂದು ಜೋಥಮ್ ಕತ್ತಿಯನ್ನು ಗೋಡೆಗೆ ಒರಗಿಸಿದ. "ಎಷ್ಟೊತ್ತಿಗೆ ಹೊರಡೋದು?"

"ಬೆಳಿಗ್ಗೆ. ಗಿರಣಿ ಹತ್ರ."

ಅಜೂಬಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹುಲ್ಲು ಇನ್ನೂ ಅರ್ಧ ಹಾಗೇ ಇದೆ," ಎಂದಳು ಕಾರ್ಲಿಸನಿಗೆ.

"ಆಳು ಕಳಿಸ್ತೀನಿ, ಅಜೂಬಾ."

"ಕಳಿಸ್ತೀನಿ ಅಂದ್ರೆ ಸಾಲದು. ಯಾರನ್ನ ಅಂತ ಹೆಸರು ಹೇಳು."

ಕಾರ್ಲಿಸ್ ಇಬ್ಬರ ಹೆಸರು ಹೇಳಿದ. ಅವಳು ತಲೆಯಾಡಿಸಿ, ರೊಟ್ಟಿಯನ್ನೂ ಉಪ್ಪು ಹಂದಿಮಾಂಸವನ್ನೂ ಚೀಲಕ್ಕೆ ಕಟ್ಟಲು ಒಳಗೆ ಹೋದಳು. ಜೋಥಮ್ ಗೋಡೆಯಿಂದ ಬಂದೂಕು ಇಳಿಸಿ ಒರೆಸಿದ. ಬೆಳಿಗ್ಗೆ ಅವನು ಗಿರಣಿ ತಲುಪಿದಾಗ ಇನ್ನೂ ಯಾರೂ ಬಂದಿರಲಿಲ್ಲ.